ಹಳೆಯ ವೆಬ್‌ಮೇಲ್, ದಿನ ತಪ್ಪಿಸುವ ಕ್ಯಾಲೆಂಡರ್: ಗಡಿನಾಡಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಸ್ವಂತ ಇಮೇಲ್ ಸರ್ವರ್ ಇಟ್ಟುಕೊಂಡಿರುವ ಶಾಲೆ, ಸಂಘ, ಸಮಿತಿಗಳಿಂದ ಬಂದಿವೆ. ಹದಿನೈದು ವರ್ಷಗಳ ಹಿಂದೆ ಯಾರೋ ಉತ್ಸಾಹಿಗಳು ಹಾಕಿಕೊಟ್ಟ ಸರ್ವರ್ ಇಂದಿಗೂ ದುಡಿಯುತ್ತಿದೆ. ಅದನ್ನು ನೋಡುವ ಪರದೆಗೆ ಮಾತ್ರ ವಯಸ್ಸಾಗಿದೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಆಡಳಿತ ಸಮಿತಿಯ ಶಾಲೆಗಳಿಗೆ ಸ್ವಂತ ಇಮೇಲ್ ಸರ್ವರ್ ಇದೆ. ಸುಮಾರು ನಲವತ್ತು ಮಂದಿ ಬಳಸುತ್ತೇವೆ. ಬ್ರೌಸರಿನಲ್ಲಿ ತೆರೆದುಕೊಳ್ಳುವುದು ಸ್ಕ್ವಿರಲ್‌ಮೇಲ್. ಮೊಬೈಲಿನಲ್ಲಿ ನೋಡಿದರೆ ಅಕ್ಷರಗಳು ಓದಲಾಗದಷ್ಟು ಸಣ್ಣ. ಸರ್ವರ್ ನೋಡಿಕೊಳ್ಳುವವರನ್ನು ಕೇಳಿದರೆ ಎಲ್ಲವನ್ನೂ ತೆಗೆದು ಹೊಸದು ಹಾಕಬೇಕು, ಹಳೆಯ ಮೇಲ್‌ಗಳಲ್ಲಿ ಕೆಲವು ಹೋದರೂ ಹೋಗಬಹುದು ಎನ್ನುತ್ತಾರೆ. ಒಪ್ಪಿಕೊಳ್ಳಬಹುದೇ?
ಶಾಲಾ ವ್ಯವಸ್ಥಾಪಕರು, ಬದಿಯಡ್ಕ ಸಮೀಪ

ಉತ್ತರ: ಸದ್ಯಕ್ಕೆ ಒಪ್ಪಬೇಡಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಸಲಹೆ ಇದು.

ನೀವು ಇಮೇಲ್ ಸರ್ವರ್ ಎಂದು ಕರೆಯುವುದರೊಳಗೆ ಮೂರು ಬೇರೆ ಬೇರೆ ತಂತ್ರಾಂಶಗಳಿವೆ. ಹೊರಗಿನಿಂದ ಮೇಲ್ ತರುವುದು, ಹೊರಗೆ ಕಳುಹಿಸುವುದು ಒಂದರ ಕೆಲಸ. ಹೆಚ್ಚಾಗಿ ಅದು ಪೋಸ್ಟ್‌ಫಿಕ್ಸ್ ಆಗಿರುತ್ತದೆ. ಬಂದ ಮೇಲನ್ನು ಜೋಪಾನವಾಗಿ ಇಟ್ಟು, ಕೇಳಿದಾಗ ಐಮ್ಯಾಪ್ ಎಂಬ ನಿಯಮದಂತೆ ತೆಗೆದುಕೊಡುವುದು ಇನ್ನೊಂದು; ಡವ್‌ಕಾಟ್ ಅಂಥದ್ದು. ಬ್ರೌಸರಿನಲ್ಲಿ ಮೇಲ್ ತೋರಿಸುವ ವೆಬ್‌ಮೇಲ್ ಮೂರನೆಯದು; ನಿಮ್ಮ ಸ್ಕ್ವಿರಲ್‌ಮೇಲ್ ಅಂಥದ್ದು. ಅದರ ಬಳಿ ನಿಮ್ಮ ಒಂದು ಮೇಲೂ ಇರುವುದಿಲ್ಲ, ಐಮ್ಯಾಪ್ ಮೂಲಕ ಕೇಳಿ ತಂದು ತೋರಿಸುತ್ತದೆ ಅಷ್ಟೆ. ಹಾಗಾಗಿ ವೆಬ್‌ಮೇಲ್ ಬದಲಿಸಿದರೆ ಹಳೆಯ ಮೇಲ್ ಹೋಗುತ್ತದೆ ಎಂದವರನ್ನು, ಹೇಗೆ ಹೋಗುತ್ತದೆ ಎಂದು ಬರೆದುಕೊಡಲು ಕೇಳಿ.

ಆದರೆ ಸ್ಕ್ವಿರಲ್‌ಮೇಲ್ ಬಿಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಅದರ ಕೊನೆಯ ಸ್ಥಿರ ಆವೃತ್ತಿ 1.4.22 ಬಂದದ್ದು 2011ರಲ್ಲಿ. ಅದನ್ನು ಬರೆದಿರುವ ಪ್ರೋಗ್ರಾಮಿಂಗ್ ಭಾಷೆ ಪಿಎಚ್‌ಪಿ; ಇಂದಿನ ಪಿಎಚ್‌ಪಿಯಲ್ಲಿ ಅದು ನೆಟ್ಟಗೆ ಓಡುವುದಿಲ್ಲ. ಅದನ್ನು ಓಡಿಸುವುದಕ್ಕೆಂದೇ ಹಳೆಯ ಪಿಎಚ್‌ಪಿ, ಆ ಪಿಎಚ್‌ಪಿಗಾಗಿ ಹಳೆಯ ಲಿನಕ್ಸ್ ಹೀಗೆ ಇಡೀ ಯಂತ್ರವೇ ಹಳತಾಗಿ ಉಳಿಯುತ್ತದೆ. ಸಣ್ಣ ಅಕ್ಷರಕ್ಕಿಂತ ದೊಡ್ಡ ಅಪಾಯ ಅದು.

ಅದೇ ಸರ್ವರಿಗೆ ಬೇರೆ ವಿಳಾಸದಲ್ಲಿ ರೌಂಡ್‌ಕ್ಯೂಬ್ ಎಂಬ ವೆಬ್‌ಮೇಲ್ ಹಾಕಿಸಿ. 2019ರಲ್ಲಿ ಬಂದ 1.4 ಆವೃತ್ತಿಯಿಂದ ಅದರ ಎಲಾಸ್ಟಿಕ್ ಎಂಬ ವಿನ್ಯಾಸ ಮೊಬೈಲಿನ ಪರದೆಗೆ ತಾನಾಗಿ ಹೊಂದಿಕೊಳ್ಳುತ್ತದೆ. ಹಳೆಯದನ್ನು ಕೂಡಲೇ ಮುಚ್ಚಬೇಡಿ. ಒಂದೆರಡು ವಾರ ಎರಡೂ ಇರಲಿ. ಎರಡರಲ್ಲೂ ಕಾಣುವುದು ಒಂದೇ ಮೇಲ್ ಪೆಟ್ಟಿಗೆ. ಹಿರಿಯ ಮುಖ್ಯೋಪಾಧ್ಯಾಯರು ಹಳೆಯದರಲ್ಲೇ ಓದುತ್ತಿರಲಿ, ಕಚೇರಿಯ ಗುಮಾಸ್ತರು ಹೊಸದನ್ನು ಕಲಿಯಲಿ.

ತೊಂದರೆ ಬರುವುದು ನೀವು ನಿರೀಕ್ಷಿಸದ ಕಡೆಯಿಂದ. ಮೊದಲನೆಯದು ವಿಳಾಸ ಪುಸ್ತಕ. ಸ್ಕ್ವಿರಲ್‌ಮೇಲ್ ಅದನ್ನು ಸಾಮಾನ್ಯವಾಗಿ ಸರ್ವರಿನ ಡಿಸ್ಕಿನಲ್ಲಿ ಪ್ರತಿಯೊಬ್ಬ ಬಳಕೆದಾರರಿಗೂ ಒಂದೊಂದು ಕಡತವಾಗಿ ಇಡುತ್ತದೆ. ಅದು ತಾನಾಗಿ ಬರುವುದಿಲ್ಲ, ತೆಗೆದು ಸೇರಿಸಬೇಕು. ಎರಡನೆಯದು, ಕಳುಹಿಸಿದ ಮೇಲ್‌ಗಳ ಫೋಲ್ಡರ್. ಹಳೆಯದು ಅದನ್ನು ಇನ್‌ಬಾಕ್ಸಿನ ಒಳಗೆ ಇಟ್ಟಿರುತ್ತದೆ, ಹೊಸದು ಹೊರಗೆ ಇನ್ನೊಂದನ್ನು ತೆರೆದು ಕೂರುತ್ತದೆ. ಮೊದಲ ದಿನವೇ "ನನ್ನ ಹತ್ತು ವರ್ಷದ ಪತ್ರಗಳೆಲ್ಲ ಮಾಯ" ಎಂಬ ಫೋನ್ ಬರುವುದು ಇದರಿಂದಲೇ. ಯಾವ ಫೋಲ್ಡರ್ ಯಾವ ಕೆಲಸಕ್ಕೆ ಎಂದು ಸರ್ವರೇ ಹೇಳಿಬಿಡುವ ವ್ಯವಸ್ಥೆ ಐಮ್ಯಾಪಿನಲ್ಲಿ 2011ರಿಂದ ಇದೆ. ಡವ್‌ಕಾಟಿನಲ್ಲಿ ಅದನ್ನು ಒಮ್ಮೆ ಸರಿಯಾಗಿ ಬರೆದರೆ ವೆಬ್‌ಮೇಲ್, ಮೊಬೈಲ್ ಎಲ್ಲವೂ ಒಂದೇ ಫೋಲ್ಡರನ್ನು ಬಳಸುತ್ತವೆ. ಇದನ್ನು ಮಾಡದೆ ಹೊಸ ವೆಬ್‌ಮೇಲಿನ ವಿಳಾಸ ಹಂಚಬೇಡಿ.

ಹಾಕಿಸಿದ ಮೇಲೆ ಮರೆತುಬಿಡುವಂತೆಯೂ ಇಲ್ಲ. ರೌಂಡ್‌ಕ್ಯೂಬಿನಲ್ಲಿ ಸುಮಾರು ಹತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಉಳಿದಿದ್ದ ಗಂಭೀರ ದೋಷವೊಂದು 2025ರ ಜೂನಿನಲ್ಲಿ ಬಯಲಾಯಿತು. ಯಾರಾದರೊಬ್ಬರ ಪಾಸ್‌ವರ್ಡ್ ಸಿಕ್ಕರೆ ಸಾಕು, ಸರ್ವರಿನಲ್ಲಿ ಬೇಕಾದ ಆಜ್ಞೆ ಓಡಿಸಬಹುದಿತ್ತು. 1.6.11 ಮತ್ತು 1.5.10 ಆವೃತ್ತಿಗಳಲ್ಲಿ ಸರಿಪಡಿಸಿದರು. ನಿರ್ವಹಣೆಯ ಒಪ್ಪಂದದಲ್ಲಿ "ಭದ್ರತಾ ಪರಿಷ್ಕರಣೆ ಬಂದ ಇಷ್ಟು ದಿನದೊಳಗೆ ಹಾಕಬೇಕು" ಎಂಬ ಸಾಲು ಇದೆಯೇ ನೋಡಿ. ಇಲ್ಲವಾದರೆ ಮೊದಲು ಅದನ್ನು ಸೇರಿಸಿ.

ಒಂದು ಮಾತು ಬಿಟ್ಟುಹೋಗಬಾರದು: ಒಳಗಿರುವುದು ಮೈಕ್ರೋಸಾಫ್ಟಿನ ಇಮೇಲ್ ಸರ್ವರ್ ಎಕ್ಸ್‌ಚೇಂಜ್ 2016 ಅಥವಾ 2019 ಆಗಿದ್ದರೆ ಈ ಉತ್ತರ ನಿಮಗಲ್ಲ. ಅವೆರಡಕ್ಕೂ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಆಗ ಸರ್ವರನ್ನೇ ಬದಲಿಸುವ ಮಾತಿಗೆ ಅರ್ಥವಿದೆ.

ಪ್ರಶ್ನೆ: ನಮ್ಮ ಯಕ್ಷಗಾನ ಸಂಘದ ಸದಸ್ಯರಲ್ಲಿ ಅನೇಕರು ದುಬೈ, ದೋಹಾದಲ್ಲಿದ್ದಾರೆ. ಫೆಬ್ರವರಿ 10ರ ವಾರ್ಷಿಕೋತ್ಸವವನ್ನು ವೆಬ್‌ಮೇಲಿನ ಕ್ಯಾಲೆಂಡರಿನಲ್ಲಿ "ಇಡೀ ದಿನ" ಎಂದು ಗುರುತು ಹಾಕಿ ಎಲ್ಲರಿಗೂ ಕಳುಹಿಸಿದೆ. ಅವರ ಫೋನಿನಲ್ಲಿ 9ಕ್ಕೇ ಶುರುವಾಗುವಂತೆ ಕಾಣುತ್ತಿದೆ. ಒಬ್ಬರಂತೂ 8ನೇ ತಾರೀಕಿಗೆ ವಿಮಾನದ ಟಿಕೆಟ್ ಮಾಡಿಸಿದ್ದಾರೆ. ಊರಿನಲ್ಲಿರುವ ನಮಗೆಲ್ಲ ಸರಿಯಾಗಿಯೇ ಕಾಣುತ್ತದೆ. ತಪ್ಪು ಯಾರದು?
ಕಾರ್ಯದರ್ಶಿ, ಉಪ್ಪಳ

ಉತ್ತರ: ತಪ್ಪು ನಿಮ್ಮ ವೆಬ್‌ಮೇಲಿನದು. ಟಿಕೆಟ್ ಮಾಡಿಸಿದವರನ್ನು ಬೈಯಬೇಡಿ.

ಆ ಕಾರ್ಯಕ್ರಮವನ್ನು ಐಸಿಎಸ್ ಕಡತವಾಗಿ (ಕ್ಯಾಲೆಂಡರಿನ ನಮೂದನ್ನು ಸಾಗಿಸುವ ಕಡತ) ಇಳಿಸಿಕೊಂಡು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಆರಂಭದ ಸಮಯ ಹೇಳುವ ಡಿಟಿಸ್ಟಾರ್ಟ್ (DTSTART) ಎಂಬ ಸಾಲನ್ನು ಹುಡುಕಿ. ಇಡೀ ದಿನದ ಕಾರ್ಯಕ್ರಮವಾದರೆ ಅಲ್ಲಿ 20260210 ಎಂಬ ಎಂಟು ಅಂಕಿಗಳು ಮಾತ್ರ ಇರಬೇಕು. ಗಂಟೆ ನಿಮಿಷಗಳ ಸುದ್ದಿಯೇ ಕೂಡದು. ನಿಮ್ಮದರಲ್ಲಿ ಬಹುಶಃ 20260209, ಬಳಿಕ ಇಂಗ್ಲಿಷಿನ ಟಿ ಅಕ್ಷರ, ಆಮೇಲೆ 183000, ಕೊನೆಗೆ ಜೆಡ್ ಅಕ್ಷರ ಇರುತ್ತದೆ. ಜೆಡ್ ಎಂದರೆ ಲೋಕದ ಸಾಮಾನ್ಯ ಸಮಯ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ, ಆದ್ದರಿಂದ 9ರ ಸಂಜೆ ಆರೂವರೆಗೆ ಐದೂವರೆ ಕೂಡಿದರೆ 10ರ ನಡುರಾತ್ರಿ 12. ಉಪ್ಪಳದಲ್ಲಿ ಲೆಕ್ಕ ಸರಿ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ ಆಗ 9ರ ರಾತ್ರಿ ಹತ್ತೂವರೆ. ದೋಹಾದಲ್ಲಿ ಒಂಬತ್ತೂವರೆ. ನಿಮ್ಮ ವೆಬ್‌ಮೇಲ್ ಒಂದು ದಿನಾಂಕವನ್ನು ಗಂಟೆಯಾಗಿ ಬರೆದಿಟ್ಟಿದೆ, ಅವರ ಫೋನ್ ಪ್ರಾಮಾಣಿಕವಾಗಿ ಅದನ್ನು ತನ್ನ ಊರಿನ ಗಂಟೆಗೆ ಪರಿವರ್ತಿಸಿದೆ.

183000 ಎಂಬ ಅಂಕಿಯನ್ನು ನೆನಪಿಡಿ. ಭಾರತದ ಇಡೀ ದಿನದ ಕಾರ್ಯಕ್ರಮದಲ್ಲಿ ಅದು ಕಂಡರೆ ಆ ಕ್ಯಾಲೆಂಡರನ್ನು ನಂಬಬಾರದು. ಕೈಯಾರೆ ತಿದ್ದಲು ಹೊರಟರೆ ಇನ್ನೊಂದು ಗಮನಿಸಿ: ಮುಗಿಯುವ ದಿನಾಂಕದ ಜಾಗದಲ್ಲಿ ಮರುದಿನದ ತಾರೀಕು ಬರೆಯುವುದು ನಿಯಮ. 10ರ ಒಂದೇ ದಿನದ ಕಾರ್ಯಕ್ರಮಕ್ಕೆ ಮುಕ್ತಾಯ 11. ಅದನ್ನು ತಪ್ಪೆಂದು ತಿಳಿದು ತಿದ್ದಿ ಕೆಡಿಸಿದವರು ಬೇಕಾದಷ್ಟಿದ್ದಾರೆ.

ವೆಬ್‌ಮೇಲನ್ನು ಹೊಸದು ಮಾಡುವುದು ಸುಲಭ, ಕ್ಯಾಲೆಂಡರ್ ಕಷ್ಟ. ಮೇಲ್ ಬಂದು ಬಿದ್ದ ಮೇಲೆ ಬದಲಾಗುವುದಿಲ್ಲ. ಕ್ಯಾಲೆಂಡರಿನ ಒಂದೊಂದು ನಮೂದನ್ನೂ ಹಲವರು, ಹಲವು ಫೋನುಗಳಿಂದ, ಹಲವು ದೇಶಗಳಿಂದ ಮುಟ್ಟುತ್ತಾರೆ. ಹಾಗಾಗಿ ಕ್ಯಾಲೆಂಡರನ್ನು ವೆಬ್‌ಮೇಲಿನೊಳಗೆ ಬಚ್ಚಿಡುವ ತಂತ್ರಾಂಶವನ್ನು ಎಷ್ಟೇ ಅಂದವಾಗಿದ್ದರೂ ಬೇಡವೆನ್ನಿ. ನಮೂದುಗಳು ಸರ್ವರಿನಲ್ಲಿರಬೇಕು, ಕ್ಯಾಲ್‌ಡ್ಯಾವ್ ನಿಯಮದಂತೆ ಯಾವ ಆ್ಯಪಿಗೂ ಸಿಗಬೇಕು. 2007ರಿಂದ ಇರುವ ನಿಯಮ ಅದು, ಹೊಸ ಬೆಡಗೇನಲ್ಲ. ರೌಂಡ್‌ಕ್ಯೂಬಿನ ಮೂಲ ತಂತ್ರಾಂಶದಲ್ಲಿ ಕ್ಯಾಲೆಂಡರ್ ಇಲ್ಲ, ಪ್ಲಗಿನ್ ಎಂಬ ಹೆಚ್ಚುವರಿ ತುಣುಕು ಸೇರಿಸಬೇಕು. ವೆಬ್‌ಮೇಲ್, ಕ್ಯಾಲೆಂಡರ್, ವಿಳಾಸ ಮೂರೂ ಒಟ್ಟಿಗೆ ಬೇಕಾದ ನಿಮ್ಮಂಥ ಸಂಘಕ್ಕೆ ನಾನು ಸೋಗೋ ಎಂಬುದನ್ನು ಸೂಚಿಸುತ್ತೇನೆ. ಈಗಿರುವ ಪೋಸ್ಟ್‌ಫಿಕ್ಸ್, ಡವ್‌ಕಾಟ್‌ಗಳ ಮೇಲೆಯೇ ಅದು ಕೂರುತ್ತದೆ.

ಫೋನಿನ ಕಡೆ ಹೀಗೆ: ಐಫೋನಿನಲ್ಲಿ ಕ್ಯಾಲ್‌ಡ್ಯಾವ್ ಖಾತೆ ಸೇರಿಸುವ ಸೌಲಭ್ಯ ಒಳಗೇ ಇದೆ. ಆಂಡ್ರಾಯ್ಡಿನಲ್ಲಿ ಇಲ್ಲ. ಅಲ್ಲಿ ಡ್ಯಾವ್‌ಎಕ್ಸ್5 ಎಂಬ ಆ್ಯಪ್ ಹಾಕಿದರೆ ಸಂಘದ ಕ್ಯಾಲೆಂಡರ್ ಫೋನಿನ ಸ್ವಂತ ಕ್ಯಾಲೆಂಡರಿನಲ್ಲೇ ಕಾಣುತ್ತದೆ. ಜಿಮೇಲ್ ಆ್ಯಪಿಗೆ ಐಮ್ಯಾಪ್ ಖಾತೆ ಸೇರಿಸಿ ಕ್ಯಾಲೆಂಡರಿಗಾಗಿ ಕಾಯುತ್ತಾ ಕೂರಬೇಡಿ, ಅದು ತರುವುದು ಮೇಲ್ ಮಾತ್ರ.

ಅಪರಿಚಿತರಿಂದ ಬಂದ ಐಸಿಎಸ್ ಆಮಂತ್ರಣವೂ ನಿರುಪದ್ರವಿಯಲ್ಲ. ಅಂಥ ಕಡತದೊಳಗೆ ದುಷ್ಟ ಕೋಡ್ ಅಡಗಿಸಿ ಜಿಂಬ್ರಾ ಎಂಬ ಮೇಲ್ ತಂತ್ರಾಂಶದ ಹಳೆಯ ವೆಬ್‌ಮೇಲ್ ಬಳಸುವವರ ಮೇಲೆ ದಾಳಿ ನಡೆಸಿದ್ದು 2025ರಲ್ಲಿ ಹೊರಬಿತ್ತು. ಆಮಂತ್ರಣಗಳು ತಾವಾಗಿ ಕ್ಯಾಲೆಂಡರಿಗೆ ಸೇರುವ ಸೌಲಭ್ಯವನ್ನು ಸಂಘದ ಸದಸ್ಯರ ವಿಳಾಸಗಳಿಗಷ್ಟೇ ಸೀಮಿತಗೊಳಿಸಿ.

ಪ್ರಶ್ನೆ: ನಮಗೆ ಕನ್ನಡದಲ್ಲೂ ಮಲಯಾಳದಲ್ಲೂ ಮೇಲ್ ಬರುತ್ತದೆ. ಹಳೆಯ ವೆಬ್‌ಮೇಲಿನಲ್ಲಿ ವಿಷಯದ ಸಾಲು ವಿಚಿತ್ರ ಚಿಹ್ನೆಗಳಾಗಿ ಕಾಣುತ್ತದೆ. ಕೆಲವೊಮ್ಮೆ ಸಾಲು ಸರಿಯಿದ್ದು ನಡುವೆ ಒಂದೆರಡು ಪ್ರಶ್ನಾರ್ಥಕ ಚಿಹ್ನೆ. ಹೊಸ ವೆಬ್‌ಮೇಲ್ ಹಾಕಿದರೆ ಸರಿಯಾಗುತ್ತದೆಯೇ?
ಗ್ರಂಥಾಲಯ ಸಮಿತಿ, ಕುಂಬಳೆ

ಉತ್ತರ: ಮೊದಲನೆಯ ತೊಂದರೆ ಸರಿಯಾಗುತ್ತದೆ, ಎರಡನೆಯದು ಕಳುಹಿಸಿದವರ ಕಡೆಯದಾಗಿರಬಹುದು.

ವಿಚಿತ್ರ ಚಿಹ್ನೆಗಳನ್ನೇ ಹತ್ತಿರದಿಂದ ನೋಡಿ. ತಲೆಯ ಮೇಲೆ ಓರೆ ಗೀಟಿರುವ ಇಂಗ್ಲಿಷಿನ ಎ ಮತ್ತೆ ಮತ್ತೆ ಬರುತ್ತದೆ. ಅದರ ಬೆನ್ನಿಗೆ ಮೇಲಕ್ಕೆ ಏರಿದ ಪುಟ್ಟ 2 ಅಥವಾ 3 ಇದ್ದರೆ ಮೂಲ ಪತ್ರ ಕನ್ನಡದ್ದು. ಬರೀ ಒಂದು ಓರೆ ಗೀಟು ಅಥವಾ ಮೈಕ್ರೋ ಚಿಹ್ನೆ (µ) ಇದ್ದರೆ ಮಲಯಾಳದ್ದು. ಮೇಲ್‌ಗಳಲ್ಲಿ ಬಳಸುವ ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಎರಡೂ ಲಿಪಿಗಳ ಪ್ರತಿ ಚಿಹ್ನೆಗೆ ಮೂರು ಬೈಟ್. ಹಳೆಯ ವೆಬ್‌ಮೇಲ್ ಒಂದೊಂದು ಬೈಟನ್ನೂ ಒಂದೊಂದು ಇಂಗ್ಲಿಷ್ ಅಕ್ಷರವೆಂದು ಓದುತ್ತದೆ. ಮೇಲ್ ಕೆಟ್ಟಿಲ್ಲ, ಓದುವವನು ಕೆಟ್ಟಿದ್ದಾನೆ.

ನಡುವಿನ ಪ್ರಶ್ನಾರ್ಥಕದ ಕಥೆ ಬೇರೆ. ವಿಷಯದ ಸಾಲನ್ನು 75 ಅಕ್ಷರ ಮೀರದ ತುಂಡುಗಳಾಗಿ ಸಂಕೇತಿಸಿ ಕಳುಹಿಸಬೇಕೆಂಬ ನಿಯಮವಿದೆ. ಸಂಕೇತದ ಚೌಕಟ್ಟು ಕಳೆದರೆ ಒಂದು ತುಂಡಿನಲ್ಲಿ ಹಿಡಿಯುವುದು 45 ಬೈಟ್. "ವಾರ್ಷಿಕೋತ್ಸವ" ಎಂಬ ಒಂದೇ ಪದಕ್ಕೆ ಕಾಗುಣಿತ, ಒತ್ತು ಎಲ್ಲ ಸೇರಿ 36 ಬೈಟ್ ಬೇಕು. ಅಕ್ಷರದ ನಡುವೆ ಕತ್ತರಿಸಬಾರದು ಎಂದೂ ನಿಯಮ ಹೇಳುತ್ತದೆ, ಆದರೆ ಇಂಗ್ಲಿಷ್ ಮಾತ್ರ ಕಂಡಿದ್ದ ತಂತ್ರಾಂಶಗಳು ಕಣ್ಣುಮುಚ್ಚಿ ಕತ್ತರಿಸುತ್ತವೆ. ಅಂಥ ತಂತ್ರಾಂಶದಿಂದ ಕಳುಹಿಸುವವರಿಗೆ ವಿಷಯ ಚಿಕ್ಕದಾಗಿ ಬರೆಯಲು ಹೇಳುವುದೊಂದೇ ಸದ್ಯದ ಉಪಾಯ. ಪೌಂಡ್ ಚಿಹ್ನೆ, ಓರೆ ಗೀಟಿರುವ ದೊಡ್ಡ (ಕ್ಯಾಪಿಟಲ್) ಎ ತುಂಬಿದ ಹಳೆಯ ನುಡಿ ಫಾಂಟಿನ ಪತ್ರಗಳಾದರೆ ಯಾವ ವೆಬ್‌ಮೇಲೂ ಓದುವುದಿಲ್ಲ, ಪರಿವರ್ತಕದಲ್ಲಿ ಹಾಕಿಯೇ ಓದಬೇಕು.

ಪ್ರಶ್ನೆ: ಇಮೇಲ್ ವಿಳಾಸವನ್ನೇ ಕನ್ನಡದಲ್ಲಿ ಇಟ್ಟುಕೊಳ್ಳಬಹುದೇ?
ಶಿಕ್ಷಕರು, ಅಕ್ಕಲಕೋಟೆ

ಉತ್ತರ: ಇಟ್ಟುಕೊಳ್ಳಬಹುದು. ನಿಯಮ 2012ರಲ್ಲೇ ಬಂದಿದೆ, ಪೋಸ್ಟ್‌ಫಿಕ್ಸ್ 3.0 ಆವೃತ್ತಿಯಿಂದ ಒಪ್ಪುತ್ತದೆ, ಜಿಮೇಲ್ 2014ರಿಂದ ಅಂಥ ವಿಳಾಸಗಳೊಂದಿಗೆ ವ್ಯವಹರಿಸುತ್ತದೆ. ಆದರೆ ಎಷ್ಟೋ ಜಾಲತಾಣಗಳ ಅರ್ಜಿ ನಮೂನೆಗಳು ಕನ್ನಡ ಅಕ್ಷರ ಕಂಡೊಡನೆ "ವಿಳಾಸ ತಪ್ಪು" ಎನ್ನುತ್ತವೆ. ಒಂದೇ ಪೆಟ್ಟಿಗೆಗೆ ಕನ್ನಡದ್ದೂ ಇಂಗ್ಲಿಷಿನದೂ ಎರಡು ವಿಳಾಸ ಇರಲಿ. ಆಮಂತ್ರಣ ಪತ್ರಿಕೆಯಲ್ಲಿ ಕನ್ನಡದ್ದನ್ನೇ ಅಚ್ಚು ಹಾಕಿಸಿ, ಬ್ಯಾಂಕಿಗೆ ಇಂಗ್ಲಿಷಿನದು ಕೊಡಿ.

ಪ್ರಶ್ನೆ: ವೆಬ್‌ಮೇಲಿಗೆ ಒಟಿಪಿ ಹಾಕಿಸಿದ್ದೇವೆ. ಇನ್ನು ನಿಶ್ಚಿಂತೆಯೇ?
ಸಹಕಾರಿ ಸಂಘ, ಮಂಜೇಶ್ವರ

ಉತ್ತರ: ಅಲ್ಲ. ಒಟಿಪಿ ಕಾಯುವುದು ವೆಬ್‌ಮೇಲನ್ನು ಮಾತ್ರ. ಫೋನಿನ ಆ್ಯಪ್ ಐಮ್ಯಾಪ್ ಮೂಲಕ ಬರೀ ಪಾಸ್‌ವರ್ಡಿನಿಂದ ಒಳಬರುತ್ತದೆ. ಕಳ್ಳನೂ ಹಾಗೆಯೇ ಬರುತ್ತಾನೆ. ಒಂದೊಂದು ಸಾಧನಕ್ಕೂ ಬೇರೆ ಬೇರೆ ಆ್ಯಪ್ ಪಾಸ್‌ವರ್ಡ್ ಕೊಟ್ಟು, ಮುಖ್ಯ ಪಾಸ್‌ವರ್ಡ್ ಐಮ್ಯಾಪಿನಲ್ಲಿ ನಡೆಯದಂತೆ ಮಾಡಿಸಿ. ಕ್ಯಾಲ್‌ಡ್ಯಾವಿಗೂ ಇದೇ ಮಾತು.

ಪ್ರಶ್ನೆ: ದೇವಸ್ಥಾನದ ಏಕಾದಶಿ, ಸಂಕ್ರಮಣಗಳನ್ನು ಪ್ರತಿ ವರ್ಷ ತಾನಾಗಿ ಬರುವಂತೆ ಕ್ಯಾಲೆಂಡರಿನಲ್ಲಿ ಹಾಕಬಹುದೇ? ತಿಂಗಳ ಕೊನೆಯ ಲೆಕ್ಕಪತ್ರದ ಸಭೆ 31ಕ್ಕೆ ಇಟ್ಟಿದ್ದೆವು, ಅದೂ ಕೆಲವು ತಿಂಗಳು ಬರುವುದೇ ಇಲ್ಲ.
ಆಡಳಿತ ಸಮಿತಿಯ ಸದಸ್ಯರು, ಪೆರ್ಲ

ಉತ್ತರ: 31 ಎಂದು ಬರೆದರೆ ಆ ತಾರೀಕು ಇಲ್ಲದ ಐದು ತಿಂಗಳು ಸಭೆ ಹಾರಿಹೋಗುತ್ತದೆ. "ತಿಂಗಳ ಕೊನೆಯ ದಿನ" ಎಂಬ ಆಯ್ಕೆ ಆರಿಸಿ. "ಎರಡನೆಯ ಶನಿವಾರ" ಕೂಡ ಹಾಗೆಯೇ ನಡೆಯುತ್ತದೆ.

ಏಕಾದಶಿ ನಡೆಯುವುದಿಲ್ಲ. ಕ್ಯಾಲೆಂಡರಿನ ಪುನರಾವರ್ತನೆಯ ನಿಯಮಕ್ಕೆ ವಾರ, ತಿಂಗಳು, ತಾರೀಕು ಗೊತ್ತು, ತಿಥಿ ಗೊತ್ತಿಲ್ಲ. ಬೇರೆ ಕಾಲಗಣನೆಗಳಿಗೆಂದು 2015ರಲ್ಲಿ ಒಂದು ವಿಸ್ತರಣೆ ಬಂದಿತಾದರೂ ಅದನ್ನು ಪಾಲಿಸುವ ಫೋನುಗಳು ಅಪರೂಪ. ನೀವು ನಂಬುವ ಪಂಚಾಂಗ ನೋಡಿ ವರ್ಷಕ್ಕೊಮ್ಮೆ ತಾರೀಕುಗಳನ್ನು ಒಂದೊಂದಾಗಿ ಹಾಕಿ. ಏಕಾದಶಿ ಸಾಮಾನ್ಯವಾಗಿ 24, ಅಧಿಕಮಾಸ ಬಂದರೆ 26, ಸಂಕ್ರಮಣ 12. ಒಂದು ಸಂಜೆಯ ಕೆಲಸ. ಇವನ್ನು ದೇವಸ್ಥಾನದ ಮುಖ್ಯ ಕ್ಯಾಲೆಂಡರಿನಲ್ಲಿ ಬೆರೆಸದೆ ಬೇರೆ ಕ್ಯಾಲೆಂಡರಾಗಿ ಇಟ್ಟು, ಅದರ ಕೊಂಡಿಯನ್ನು ಭಕ್ತರಿಗೆ ಹಂಚಿ. ತಿದ್ದುವ ಅನುಮತಿ ಒಬ್ಬರಿಗಿರಲಿ, ಉಳಿದವರಿಗೆ ನೋಡಲಷ್ಟೇ. ಪ್ರತಿಯೊಂದನ್ನೂ "ಇಡೀ ದಿನ" ಎಂದೇ ಹಾಕಿ, ಮೊದಲನೆಯದನ್ನು ಹಾಕಿದ ಕೂಡಲೇ ಇಳಿಸಿ ನೋಡಿ: 183000 ಇಲ್ಲವೆಂದಾದರೆ ಉಳಿದವನ್ನು ಮುಂದುವರಿಸಿ.