ರಸ್ತೆ ಅಗಲ ಆಮೇಲೆ, ಮೊದಲು ಬಸ್ಸಿನ ಟೈಮು

(ತೀರ್ಥಹಳ್ಳಿ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: ನಮ್ಮೂರಲ್ಲಿ 43 ಮನೆ. ಒಂದೊಂದು ಮನೆ ಒಂದೊಂದು ಗುಡ್ಡದ ಬುಡದಲ್ಲಿ. ಮುಖ್ಯ ರಸ್ತೆಯಿಂದ ಕೊನೆಯ ಮನೆಗೆ 6 ಕಿ.ಮೀ. ಇದ್ದ ಒಂದೇ ಬಸ್ಸು ಕೊರೊನಾ ಕಾಲದಲ್ಲಿ ನಿಂತದ್ದು ಮತ್ತೆ ಬರಲಿಲ್ಲ. ಒಂಬತ್ತನೇ ಕ್ಲಾಸಿನ ಮಗಳು ಮಳೆಯಲ್ಲೂ ನಡೆದೇ ಹೋಗಬೇಕು. ರಸ್ತೆ ಅಗಲ ಮಾಡಿಸಿ ಎಂದು ಶಾಸಕರಿಗೆ ಮನವಿ ಕೊಡಲಿದ್ದೇವೆ. ಆಗ ಬಸ್ಸು ಬರುತ್ತದಾ?)

ನೇರವಾಗಿಯೇ ಹೇಳುತ್ತೇನೆ, ಬರುವುದು ಕಷ್ಟ. ಅದೇ ರಸ್ತೆಯಲ್ಲಿ ಇಷ್ಟು ವರ್ಷ ಬಸ್ಸು ಓಡಿತ್ತು ಅಲ್ವಾ? ಅಂದಮೇಲೆ ಅದು ಮತ್ತೆ ಬಾರದ್ದು ರಸ್ತೆ ಸಣ್ಣದೆಂದಲ್ಲ, ಕಲೆಕ್ಷನ್ ಆಗಲಿಲ್ಲವೆಂದು.

ನಮ್ಮ ಮಲೆನಾಡಿನ ಒಂಟಿಮನೆಗಳು ಯಾವ ಲೆಕ್ಕಕ್ಕೂ ಸುಲಭವಾಗಿ ಸಿಗುವುದಿಲ್ಲ. 2000ದಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾದಾಗ ಬಯಲು ಪ್ರದೇಶದಲ್ಲಿ 500 ಜನ, ಗುಡ್ಡಗಾಡು ರಾಜ್ಯ ಮತ್ತು ಬುಡಕಟ್ಟು ಪ್ರದೇಶದಲ್ಲಿ 250 ಜನ ಇರುವ ಊರಿಗೆ ರಸ್ತೆ ಎಂದರು. 43 ಮನೆಯ ತಲೆ ಎಣಿಸಿದರೆ ಎಷ್ಟಾದೀತು? ಬಸ್ಸಿನವರೂ ತಲೆಯನ್ನೇ ಎಣಿಸುತ್ತಾರೆ. ಕೊಪ್ಪದ ಸಹಕಾರ ಸಾರಿಗೆಯನ್ನೇ ನೋಡಿ. ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ್ದು. ಎಷ್ಟೋ ಒಳಹಳ್ಳಿಗೆ ಅದೇ ಬಸ್ಸು. ನಷ್ಟ ತಾಳಲಾರದೆ 2020ರಲ್ಲಿ ಅದೂ ನಿಂತಿತು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಸಂತೋಷವೇ. ಆದರೆ ಸರ್ಕಾರಿ ಬಸ್ಸೇ ಬಾರದ ಊರಿನ ಹುಡುಗಿಗೆ ಅದರಿಂದ ಏನು ಸಿಕ್ಕಿತು?

ನಾನು ಹೈಸ್ಕೂಲಿಗೆ ಹೋಗುವಾಗ ನಮ್ಮೂರಿಗೆ ಒಂದು ಹಾಲ್ಟ್ ಬಸ್ಸಿತ್ತು. ರಾತ್ರಿ ಎಂಟಕ್ಕೆ ಬಂದು ಶಾಲೆ ಬಯಲಲ್ಲಿ ನಿಲ್ಲುತ್ತಿತ್ತು. ಡ್ರೈವರು, ಕಂಡಕ್ಟರು ಅದರೊಳಗೇ ಕಂಬಳಿ ಹೊದ್ದು ಮಲಗುತ್ತಿದ್ದರು. ಬೆಳಿಗ್ಗೆ ಆರೂಮುಕ್ಕಾಲಿಗೆ ಒಂದು ಹಾರನ್, ಏಳಕ್ಕೆ ಇನ್ನೊಂದು. ಮೊದಲನೆಯದು ಕೇಳಿದರೆ ಅಮ್ಮ ಬುತ್ತಿ ಕಟ್ಟುತ್ತಿದ್ದಳು. ಎರಡನೆಯದರ ಹೊತ್ತಿಗೆ ನಾವು ಕಾಲುಸಂಕ ದಾಟಿರಬೇಕು. ಸೀಟು ಹರಿದಿತ್ತು, ಮಳೆ ಬಂದರೆ ಒಳಗೆ ಸೋರುತ್ತಿತ್ತು, ಕಿಟಕಿ ಪಕ್ಕ ಕೂತವರು ಕೊಡೆ ಬಿಡಿಸಿಯೇ ಕೂರಬೇಕು. ಆದರೆ ಟೈಮು ಮಾತ್ರ ತಪ್ಪುತ್ತಿರಲಿಲ್ಲ. ಆ ಏಳು ಗಂಟೆಯನ್ನು ನಂಬಿಯೇ ನಮ್ಮಕ್ಕ ಪೇಟೆಯ ಕಾಲೇಜಿಗೆ ಸೇರಿದ್ದು. ಹಾಲ್ಟ್ ನಿಲ್ಲಿಸಿದ ವರ್ಷ ಪಕ್ಕದ ಮನೆಯ ಹುಡುಗಿ ಓದು ಬಿಟ್ಟಳು. ಅವಳಿಗಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹಾಗಾಗಿ ದೊಡ್ಡ ಬಸ್ಸು ಕೇಳಬೇಡಿ. ಹತ್ತು–ಹನ್ನೆರಡು ಸೀಟಿನ ಗಾಡಿ ಸಾಕು. ಅದು ತೀರ್ಥಹಳ್ಳಿಯವರೆಗೆ ಹೋಗುವುದೂ ಬೇಡ. ನಿಮ್ಮ ಕೊನೆಯ ಮನೆಯಿಂದ ಮುಖ್ಯ ರಸ್ತೆಯ ಸ್ಟಾಪಿಗೆ ಬಂದು, ಅಲ್ಲಿ ಲೈನ್ ಬಸ್ಸಿಗೆ ಜನರನ್ನು ಹತ್ತಿಸಿ ವಾಪಸಾಗಲಿ. ಸಂಜೆ ಲೈನ್ ಬಸ್ಸು ಲೇಟಾದರೆ ಕಾಯಲಿ. ಸ್ವಿಟ್ಜರ್ಲೆಂಡಿನ ಬೆಟ್ಟದ ಊರುಗಳಲ್ಲಿ ಹಳದಿ ಅಂಚೆ ಬಸ್ಸು ಓಡುವುದು ಹೀಗೇ, ರೈಲಿನ ಟೈಮಿಗೆ ಹೊಂದಿಸಿಕೊಂಡು. ವರ್ಷವಿಡೀ 100 ಜನ ವಾಸ ಇರುವ ಊರಿದ್ದರೂ ಅಲ್ಲಿ ಸಾರಿಗೆಗೆ ಸರ್ಕಾರ ದುಡ್ಡು ಕೊಡುತ್ತದೆ.

ಅಷ್ಟು ದೂರ ಯಾಕೆ, ಪಕ್ಕದ ಕೇರಳದಲ್ಲಿ 2022ರಿಂದ ‘ಗ್ರಾಮವಂಡಿ’ ಇದೆ. ಬಸ್ಸು, ಸಿಬ್ಬಂದಿ ಸಾರಿಗೆ ಸಂಸ್ಥೆಯದ್ದು, ಡೀಸೆಲ್ ಖರ್ಚು ಪಂಚಾಯಿತಿಯದ್ದು. ರೂಟು, ಟೈಮು ಯಾವುದು ಬೇಕೆಂದು ಪಂಚಾಯಿತಿಯೇ ಹೇಳುತ್ತದೆ.

ನಿಮ್ಮೂರಿಗೆ ಸುಮ್ನೆ ಲೆಕ್ಕ ಹಾಕಿ ನೋಡಿದೆ. ಹೋಗಿ ಬರಲು 12 ಕಿ.ಮೀ., ಬೆಳಿಗ್ಗೆ ಎರಡು ಟ್ರಿಪ್, ಸಂಜೆ ಎರಡು. ದಿನಕ್ಕೆ 48 ಕಿ.ಮೀ. ಲೀಟರಿಗೆ 12 ಕಿ.ಮೀ. ಕೊಟ್ಟರೂ 4 ಲೀಟರ್ ಡೀಸೆಲ್. ಲೀಟರಿಗೆ 90 ರೂಪಾಯಿ ಹಿಡಿದರೆ ದಿನಕ್ಕೆ 360, ತಿಂಗಳಿಗೆ 26 ದಿನ ಓಡಿದರೆ 9,360 ರೂಪಾಯಿ. ಡ್ರೈವರ್ ಸಂಬಳ, ರಿಪೇರಿ, ಇನ್ಶೂರೆನ್ಸ್ ಬೇರೆ, ನಿಜ. ಆದರೂ ರಸ್ತೆ ಅಗಲ ಮಾಡಲು ದರೆ ಕಡಿಯುವ ಖರ್ಚಿನ ಮುಂದೆ ಇದು ಎಷ್ಟು? ದರೆ ಕಡಿದರೆ ಮಳೆಗಾಲದಲ್ಲಿ ಅದು ಕುಸಿದು ಇದ್ದ ದಾರಿಯೂ ಮುಚ್ಚುವುದನ್ನು ನೀವೇ ಕಂಡಿರುತ್ತೀರಿ.

ಕಾನೂನೂ ಅಡ್ಡ ಬರುವುದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಮಾಡಿದ ತಿದ್ದುಪಡಿಯಲ್ಲಿ, 67ನೇ ಸೆಕ್ಷನ್ ಪ್ರಕಾರ, ಹಳ್ಳಿ ಸಾರಿಗೆಗೆ ರಾಜ್ಯ ಸರ್ಕಾರ ಬೇರೆ ಸ್ಕೀಮು ಮಾಡಿ ಲೈಸೆನ್ಸ್ ಕೊಡಬಹುದು. ಶಾಸಕರಿಗೆ ಕೊಡುವ ಮನವಿಯಲ್ಲಿ ಇದನ್ನೇ ಬರೆಯಿರಿ. ಪರ್ಮಿಟ್ಟಿನ ವಿಷಯಕ್ಕೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೂ (ಆರ್‌ಟಿಎ) ಒಂದು ಅರ್ಜಿ ಹೋಗಲಿ.

ಅದಕ್ಕೂ ಮೊದಲು ಒಂದು ನೋಟ್‌ಬುಕ್ ಹಿಡಿದು 43 ಮನೆಗೂ ಹೋಗಿ ಬನ್ನಿ. ಯಾರು, ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿಗೆ ಹೋಗುತ್ತಾರೆ, ಎಷ್ಟಕ್ಕೆ ವಾಪಸು ಬರುತ್ತಾರೆ, ಬರೆದುಕೊಳ್ಳಿ. ಶಾಲೆ ಬೆಲ್ಲು, ಸಂತೆ ದಿನ, ಆಸ್ಪತ್ರೆಗೆ ಹೋಗುವ ವಯಸ್ಸಾದವರು, ಕೂಲಿಗೆ ಹೋಗುವವರು, ಎಲ್ಲ ಇರಲಿ. ಬೈಕಿರುವ ಮನೆ ಎಂದು ಬಿಡಬೇಡಿ, ಆ ಮನೆಯ ಹೆಂಗಸರನ್ನೂ ಕೇಳಿ. ಟ್ರಿಪ್ಪಿನ ಟೈಮು ಆ ಪಟ್ಟಿಯಿಂದಲೇ ಹೊರಡಬೇಕು. ಅದನ್ನು ಗ್ರಾಮಸಭೆಯಲ್ಲಿ ಓದಿಸಿ, ನಡಾವಳಿಯಲ್ಲಿ ಬರೆಸಿ. ಒಂದು ಪ್ರತಿ ನಮಗೂ ಕಳಿಸಿ, ಪತ್ರಿಕೆಯಲ್ಲಿ ಪೂರ್ತಿ ಹಾಕುತ್ತೇವೆ.

– ಸಂ.