ಓದುಗರ ಪ್ರಶ್ನೆ: ಗುತ್ತಿಗೆ ನಾಡಿನ ಗಡಿ

ಪ್ರಶ್ನೆ: 1898ರಲ್ಲಿ ಬ್ರಿಟಿಷರು ಹಾಂಗ್‌ಕಾಂಗ್‌ಗೆ ಅಂಟಿಕೊಂಡ ‘ನ್ಯೂ ಟೆರಿಟರೀಸ್’ ಪ್ರದೇಶವನ್ನು ಚೀನಾದಿಂದ 99 ವರ್ಷದ ಗುತ್ತಿಗೆಗೆ ಪಡೆದರು. ಅದರ ಗಡಿ ಗುರುತಿಸಿದ್ದು ಹೇಗೆ?

ಉತ್ತರ: ಜೂನ್ 9ರ ಒಪ್ಪಂದದ ಜೊತೆ ಲಗತ್ತಿಸಿದ್ದ ನಕ್ಷೆಯಲ್ಲಿದ್ದದ್ದು ಅಂದಾಜು ಗೆರೆ ಮಾತ್ರ. ನಿಖರ ಗಡಿಯನ್ನು ಮೋಜಣಿ ಆದಮೇಲೆ ಎರಡೂ ಕಡೆಯ ಅಧಿಕಾರಿಗಳು ಗೊತ್ತುಮಾಡಬೇಕೆಂದು ಒಪ್ಪಂದದಲ್ಲೇ ಬರೆದಿತ್ತು. ಬ್ರಿಟಿಷರ ಪರ ಸ್ಟೀವರ್ಟ್ ಲಾಕ್‌ಹಾರ್ಟ್, ಚೀನಾದ ಪರ ವಾಂಗ್ ತ್ಸುನ್‌ಷಾನ್ 1899ರ ಮಾರ್ಚ್‌ನಲ್ಲಿ ಅದನ್ನು ಇತ್ಯರ್ಥ ಮಾಡಿದರು. ಗದ್ದೆಬಯಲಲ್ಲಿ ನೇರ ಗೆರೆ ಹಿಡಿದು ಹೋದರೆ ಊರು, ಹೊಲ ಎರಡು ಹೋಳಾಗುತ್ತವೆ. ಹಾಗಾಗಿ ಕಣ್ಣಿಗೆ ಕಾಣುವ ಹಳ್ಳ, ದಾರಿ, ನದಿಗಳನ್ನೇ ಗಡಿ ಮಾಡಿಕೊಂಡರು. ಶೆನ್‌ಝೆನ್ ನದಿಯ ಉತ್ತರ ದಂಡೆಯೇ ಗಡಿಯಾಯಿತು. ಅಂದರೆ ನದಿಯ ನೀರೆಲ್ಲ ಬ್ರಿಟಿಷರ ಪಾಲು.

ಶಾ ತೌ ಕೋಕ್ ಎಂಬಲ್ಲಿ ಗಡಿ ಒಣಹಳ್ಳವೊಂದರಲ್ಲಿ ಸಾಗುತ್ತಿತ್ತು. ಮೊದಲು ಮರದ ಗೂಟ ನೆಟ್ಟರು, ಆಮೇಲೆ ಕಲ್ಲು. ಹಳ್ಳದ ಎರಡೂ ಬದಿ ಅಂಗಡಿಗಳೆದ್ದು ಅದೇ ಚುಂಗ್ ಯಿಂಗ್ ಬೀದಿಯಾಯಿತು. ಅಲ್ಲಿ ಎಂಟು ಬಾಂದು ಕಲ್ಲುಗಳಿವೆ. ಕಲ್ಲಿನ ಒಂದು ಮುಖದಲ್ಲಿ ಇಂಗ್ಲಿಷ್, ಇನ್ನೊಂದರಲ್ಲಿ ಚೀನೀ ಬರಹ. ಗಡಿ ಹಾಕಿದ್ದು 1899ರಲ್ಲಾದರೂ ಕಲ್ಲಿನ ಮೇಲಿರುವ ಇಸವಿ 1898, ಒಪ್ಪಂದದ್ದು.

ನದಿಯನ್ನು ಗಡಿ ಮಾಡಿದರೆ ಬರುವ ತೊಡಕು ಒಂದೇ: ನದಿ ನಿಂತಲ್ಲಿ ನಿಲ್ಲುವುದಿಲ್ಲ. 1990ರ ದಶಕದಲ್ಲಿ ಶೆನ್‌ಝೆನ್ ನದಿಯ ತಿರುವುಗಳನ್ನು ನೇರ ಮಾಡಿದಾಗ ಸುಮಾರು 87 ಹೆಕ್ಟೇರಿನ ಲೋಕ್ ಮಾ ಚೌ ತಿರುವು ಹೊಸ ಪಾತ್ರದ ದಕ್ಷಿಣಕ್ಕೆ ಬಿತ್ತು. 1997ರಲ್ಲಿ ಗಡಿಯನ್ನು ಹೊಸ ಪಾತ್ರದ ನಡುಗೆರೆಗೆ ತಂದಾಗ ಅದು ಹಾಂಗ್‌ಕಾಂಗ್‌ಗೆ ಸೇರಿತು.

ಪ್ರಶ್ನೆ: ಒಳಗಿನ ಜಮೀನು ಅಳೆದವರು ಯಾರು? ಅಲ್ಲಿ ಇಂದಿಗೂ ಹದ್ದುಬಸ್ತಿನ ತಕರಾರು ಏಕೆ?

ಉತ್ತರ: ಭಾರತದಿಂದ ಕರೆಸಿದ ಮೋಜಣಿದಾರರು 1899ರ ಕೊನೆಯಿಂದ 1904ರವರೆಗೆ ಅಳೆದರು. ಮುಕ್ಕಾಲಿಯ ಮೇಲೆ ಪ್ಲೇನ್ ಟೇಬಲ್ (ಕಾಗದ ಹಚ್ಚಿದ ಚಪ್ಪಟೆ ಹಲಗೆ) ನಿಲ್ಲಿಸಿ, ಬದುವಿನ ಮೂಲೆಗೆ ಗುರಿ ಹಿಡಿದು, ಅಲ್ಲೇ ಕಾಗದದ ಮೇಲೆ ಗೆರೆ ಎಳೆಯುವ ಪದ್ಧತಿ ಅದು. ಸುಮಾರು ಮೂರೂವರೆ ಲಕ್ಷ ತುಂಡು ಜಮೀನುಗಳನ್ನು ಐದು ವರ್ಷದಲ್ಲಿ ಹೀಗೆ ನಕ್ಷೆಗಿಳಿಸಿದ್ದು ದೊಡ್ಡ ಕೆಲಸವೇ.

ತಕರಾರಿನ ಮೂಲ ನಕ್ಷೆಯ ಪ್ರಮಾಣದಲ್ಲಿದೆ. ಮೈಲಿಗೆ 16 ಇಂಚು, ಅಂದರೆ 1:3960. ಕಾಗದದ ಮೇಲಿನ ಕಾಲು ಮಿಲಿಮೀಟರ್ ಗೆರೆ ನೆಲದಲ್ಲಿ ಒಂದು ಮೀಟರ್ ನುಂಗುತ್ತದೆ. ಬದುಗಳ ಉದ್ದ, ಕೋನ ಬರೆದಿಲ್ಲ. ವಿಸ್ತೀರ್ಣ ಕೊಟ್ಟಿದ್ದು 0.01 ಎಕರೆಯ ಲೆಕ್ಕದಲ್ಲಿ. ನಮ್ಮ ಅರ್ಧ ಗುಂಟೆಗಿಂತ ತುಸು ಕಡಿಮೆ. ಕಾಗದ ಕುಗ್ಗಿ ಹಿಗ್ಗಿದ್ದು ಬೇರೆ. ಆದ್ದರಿಂದ ನಕ್ಷೆಗೆ ಸ್ಕೇಲ್ ಹಿಡಿದು ಗಡಿ ಎಳೆಯುವುದು ತಪ್ಪು. ಮೊದಲು ಉಳಿದಿರುವ ಹಳೆಯ ಬದು, ಗೋಡೆ, ಕಾಲುವೆ ಹುಡುಕಿ, ಹಳೆಯ ವೈಮಾನಿಕ ಚಿತ್ರಗಳ ಜೊತೆ ತಾಳೆ ನೋಡಿ, ಆಮೇಲಷ್ಟೇ ನಕ್ಷೆಯನ್ನು ನೆಲಕ್ಕೆ ಕೂಡಿಸಬೇಕು.