ಆ ತುದಿಗೆ ಸುದ್ದಿ ಮುಟ್ಟಿದ್ದು ಯಾವಾಗ?

ಎಂಜಿನಿಯರಿಂಗ್‌ನಲ್ಲಿ ಮಕ್ಕಳು ತುಂಬಾ ಹೆದರುವ ವಿಷಯ ಯಾವುದು ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಜಾಸ್ತಿ ಕಂಡ ಹೆಸರು ‘ಫೀಲ್ಡ್ಸ್’. ಅಂದರೆ ಎಲೆಕ್ಟ್ರೋಮ್ಯಾಗ್ನೆಟಿಕ್ ಫೀಲ್ಡ್ಸ್ ಅಂಡ್ ವೇವ್ಸ್, ಕನ್ನಡದಲ್ಲಿ ವಿದ್ಯುತ್ಕಾಂತ ಕ್ಷೇತ್ರಗಳು ಮತ್ತು ಅಲೆಗಳು. ನಾನು 31 ವರ್ಷ ಪಾಠ ಮಾಡಿದ್ದು ಇದನ್ನೇ. ಹಾಗಾಗಿ ಈ ಸಲ ಪೂರ್ತಿ ಜಾಗ ಇದಕ್ಕೇ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಾನು ಇಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್) ವಿಭಾಗಕ್ಕೆ ಸೇರಿ ಎರಡು ವರ್ಷ ಆಯಿತು. ಈ ಸೆಮಿಸ್ಟರ್ ನನಗೆ ಫೀಲ್ಡ್ಸ್ ಕೊಟ್ಟಿದ್ದಾರೆ. ಕೂಲಂಬ್ ನಿಯಮ, ಗಾಸ್ ನಿಯಮ ಎಲ್ಲವನ್ನೂ ಬೋರ್ಡಿನ ಮೇಲೆ ಡಿರೈವ್ ಮಾಡುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ. ಆದರೆ ಯಾರ ಮುಖದಲ್ಲೂ ಅರ್ಥವಾದ ಕಳೆ ಇಲ್ಲ. ಎಲ್ಲಿಂದ ಶುರು ಮಾಡಲಿ?
— ಉಪನ್ಯಾಸಕ, ದಾವಣಗೆರೆ

ಉತ್ತರ: ನಾನೂ ಮೊದಲ ವರ್ಷ ನಿಮ್ಮ ಹಾಗೇ ಕೂಲಂಬ್‌ನಿಂದ ಶುರು ಮಾಡಿದ್ದೆ. ಅಲೆಗಳ ಪಾಠಕ್ಕೆ ಬರುವಷ್ಟರಲ್ಲಿ ಉಳಿದದ್ದು ಎಂಟು ಕ್ಲಾಸು. ಆಗ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು ಕೇಳಿದ, “ಮೇಡಂ, ಸರ್ಕ್ಯೂಟ್ ಥಿಯರಿ ಕಲಿತಿದ್ದೇವಲ್ಲ, ಮತ್ತೆ ಇದೆಲ್ಲ ಯಾಕೆ ಬೇಕು?” ಒಳ್ಳೆಯ ಪ್ರಶ್ನೆ. ಅವನಿಗೆ ಒಪ್ಪಿಗೆಯಾಗುವ ಉತ್ತರ ಆ ದಿನ ನನ್ನ ಹತ್ತಿರ ಇರಲಿಲ್ಲ. ಮುಂದಿನ ವರ್ಷ ಸಿಕ್ಕಿತು, ಅದೂ ಲ್ಯಾಬಿನಲ್ಲಿ. ಅದನ್ನೇ ನಿಮಗೆ ಹೇಳುತ್ತೇನೆ.

ಲ್ಯಾಬಿನಿಂದ ಒಂದು ಫಂಕ್ಷನ್ ಜನರೇಟರ್, ಒಂದು ಆಸಿಲೋಸ್ಕೋಪ್, ಒಂದು ಟಿ ಕನೆಕ್ಟರ್ ತನ್ನಿ. ಜೊತೆಗೆ 20 ಮೀಟರ್ ಆರ್‌ಜಿ 58 ಕೇಬಲ್. ಓಡುವ ಅಲೆಗೆ 50 ಓಮ್ ತೋರಿಸುವ ಮಾಮೂಲಿ ಕೇಬಲ್ಲು ಅದು. ಜನರೇಟರ್‌ನಲ್ಲಿ 500 ಕಿಲೋಹರ್ಟ್ಸ್ ಚೌಕ ಅಲೆ ಇಡಿ. ಕೇಬಲ್ಲಿನ ಆಚೆ ತುದಿ ಖಾಲಿ ಬಿಡಿ. ಈಚೆ ತುದಿಯ ವೋಲ್ಟೇಜನ್ನು ಸ್ಕೋಪಿನಲ್ಲಿ ತೋರಿಸಿ. ಒಂದು ಮಾತು ನೆನಪಿರಲಿ, ಚೌಕ ಅಲೆ ಚುರುಕಾಗಿ ಏಳಬೇಕು. ಕೆಲವು ಹಳೇ ಜನರೇಟರ್‌ಗಳಲ್ಲಿ ಅದು ಸೋಮಾರಿಯಾಗಿ ಏಳುತ್ತದೆ, ಅದರಲ್ಲಿ ಏನೂ ಕಾಣುವುದಿಲ್ಲ. ಹಿಂದಿನ ದಿನವೇ ಹಾಕಿ ನೋಡಿಕೊಳ್ಳಿ.

ಸ್ಕೋಪ್ ಆನ್ ಮಾಡುವ ಮೊದಲು ಮಕ್ಕಳನ್ನು ಕೇಳಿ: ಆಚೆ ತುದಿ ಓಪನ್ ಇದೆ, ಕರೆಂಟ್ ಎಷ್ಟು ಹರಿಯುತ್ತದೆ? ಎಲ್ಲರೂ ‘ಸೊನ್ನೆ’ ಅನ್ನುತ್ತಾರೆ. ಹಾಗಾದರೆ ಜನರೇಟರ್‌ನ ಪೂರ್ತಿ ವೋಲ್ಟೇಜ್ ಕಾಣಬೇಕು, ಅಲ್ವಾ? ಹೌದು ಅನ್ನುತ್ತಾರೆ. ಈಗ ಆನ್ ಮಾಡಿ.

ಪರದೆಯ ಮೇಲೆ ವೋಲ್ಟೇಜ್ ಅರ್ಧಕ್ಕೆ ಏರಿ ನಿಲ್ಲುತ್ತದೆ. ಒಂದು ಸಣ್ಣ ಮೆಟ್ಟಿಲು. ಅದಾದ ಮೇಲೆ ಪೂರ್ತಿಗೆ ಏರುತ್ತದೆ. ಮೆಟ್ಟಿಲಿನ ಅಗಲ ಅಳೆಯಿರಿ, ಸುಮಾರು 200 ನ್ಯಾನೋಸೆಕೆಂಡ್ ಬರುತ್ತದೆ. ಆ ಕೇಬಲ್ಲಿನಲ್ಲಿ ಅಲೆ ಓಡುವುದು ಬೆಳಕಿನ ವೇಗದ ಮೂರನೇ ಎರಡು ಭಾಗದಲ್ಲಿ. ಒಂದು ನ್ಯಾನೋಸೆಕೆಂಡಿಗೆ 20 ಸೆಂಟಿಮೀಟರ್. ಹೋಗಲು 20 ಮೀಟರ್, ಬರಲು 20 ಮೀಟರ್. ಲೆಕ್ಕ ತಾಳೆಯಾಗುತ್ತದೆ.

ಈ ಹೊತ್ತಿಗೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ, “ತುದಿ ಓಪನ್ ಇದ್ದರೂ ಮೊದಲು ಕರೆಂಟ್ ಹೇಗೆ ಹರಿಯಿತು?” ಆಗ ನೀವು ತಿರುಗಿ ಕೇಳಬೇಕಾದದ್ದು ಇಷ್ಟೇ: “ತುದಿ ಓಪನ್ ಇದೆ ಎಂಬ ಸುದ್ದಿ ಜನರೇಟರ್‌ಗೆ ಮುಟ್ಟಿದ್ದು ಯಾವಾಗ?”

ಕ್ಲಾಸು ಒಂದು ಕ್ಷಣ ಸುಮ್ಮನಾಗುತ್ತದೆ. ಆ ಮೌನವನ್ನು ನಾನು ಪ್ರತಿ ವರ್ಷ ಕಾಯುತ್ತಿದ್ದೆ. ಸುದ್ದಿ ವಾಪಸ್ ಬರುವವರೆಗೆ ಜನರೇಟರ್‌ಗೆ ಗೊತ್ತಿರುವುದು ಕೇಬಲ್ಲಿನ 50 ಓಮ್ ಮಾತ್ರ. ಅದರ ಒಳಗೂ 50 ಓಮ್ ಇದೆ. ಅದಕ್ಕೇ ಅರ್ಧ. ಸರ್ಕ್ಯೂಟ್ ಥಿಯರಿ ‘ಸುದ್ದಿ ಕೂಡಲೇ ಮುಟ್ಟಿತು’ ಎಂದುಕೊಂಡು ಲೆಕ್ಕ ಹಾಕುತ್ತದೆ. ಹಾಗೆ ಅಂದುಕೊಳ್ಳಲು ಆಗದ ಜಾಗದಲ್ಲಿ ಫೀಲ್ಡ್ಸ್ ಶುರುವಾಗುತ್ತದೆ. ಆ ಹುಡುಗನ ಪ್ರಶ್ನೆಗೆ ಉತ್ತರ ಇದು.

ಆಮೇಲೆ ಆಚೆ ತುದಿಗೆ 100 ಓಮ್‌ನ ಒಂದು ಪ್ರಿಸೆಟ್ (ಸ್ಕ್ರೂ ತಿರುಗಿಸಿ ಓಮ್ ಬದಲಿಸುವ ರೆಸಿಸ್ಟರ್) ಹಾಕಿ, ಸ್ಕ್ರೂಡ್ರೈವರನ್ನು ಯಾರಾದರೂ ವಿದ್ಯಾರ್ಥಿಯ ಕೈಗೆ ಕೊಡಿ. ನೀವು ತಿರುಗಿಸಬೇಡಿ. ಒಂದು ಕಡೆಗೆ ಪೂರ್ತಿ ತಿರುಗಿಸಿದರೆ ಶಾರ್ಟ್ ಆಗುತ್ತದೆ, ಮೆಟ್ಟಿಲು ಏರುವ ಬದಲು ಸೊನ್ನೆಗೆ ಇಳಿಯುತ್ತದೆ. ನಿಧಾನಕ್ಕೆ ವಾಪಸ್ ತರುತ್ತಾ ಬಂದರೆ ಒಂದು ಕಡೆ ಮೆಟ್ಟಿಲೇ ಮಾಯ. ಅಲ್ಲಿ ನಿಲ್ಲಿಸಿ, ಪ್ರಿಸೆಟ್ ಬಿಚ್ಚಿ, ಮಲ್ಟಿಮೀಟರ್‌ನಲ್ಲಿ ಅಳೆಯಲಿ. 50ರ ಆಸುಪಾಸು ತೋರಿಸುತ್ತದೆ. ಇಂಪೀಡೆನ್ಸ್ ಮ್ಯಾಚಿಂಗ್ ಅನ್ನು, ಅಂದರೆ ಕೇಬಲ್ಲಿನ ಓಮ್‌ಗೆ ತುದಿಯ ಓಮ್ ಹೊಂದಿಸುವುದನ್ನು, ಬೆರಳಲ್ಲಿ ಹಿಡಿದು ನೋಡಿದವರು ಅದನ್ನು ಮರೆಯುವುದಿಲ್ಲ. ಹತ್ತು ವರ್ಷ ಆದ ಮೇಲೆ ಸಿಕ್ಕ ಹಳೇ ವಿದ್ಯಾರ್ಥಿಗಳು ನನ್ನ ಹತ್ತಿರ ನೆನೆಸಿಕೊಂಡದ್ದು ಈ ಸ್ಕ್ರೂಡ್ರೈವರನ್ನೇ.

ಹಾಗಾದರೆ ಸರ್ಕ್ಯೂಟ್ ಥಿಯರಿ ಸುಳ್ಳೇ ಎಂದು ಕೇಳುತ್ತಾರೆ. ಅದಕ್ಕೆ ನಮ್ಮ ನಾಡಿನದೇ ಲೆಕ್ಕ ಇದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟ್ ಕೊಟ್ಟರು. ಇವತ್ತಿನ 50 ಹರ್ಟ್ಸ್ ಲೆಕ್ಕದಲ್ಲಿ ಅಲೆಯ ಉದ್ದ 6000 ಕಿಲೋಮೀಟರ್. ಅಂದರೆ ಅಷ್ಟು ದೂರದ ತಂತಿಯೂ ಒಂದು ಅಲೆಯ ನಲವತ್ತರಲ್ಲಿ ಒಂದು ಭಾಗ. ಸುದ್ದಿ ಮುಟ್ಟಲು ಅರ್ಧ ಮಿಲಿಸೆಕೆಂಡ್ ಸಾಕು, ಒಂದು ಸುತ್ತಿಗೆ 20 ಮಿಲಿಸೆಕೆಂಡ್ ಇದೆ. ಅಲ್ಲಿ ಸರ್ಕ್ಯೂಟ್ ಥಿಯರಿ ಚೆನ್ನಾಗಿಯೇ ನಡೆಯುತ್ತದೆ. ಅದೇ ವೈಫೈನ 2.4 ಗಿಗಾಹರ್ಟ್ಸ್ ತೆಗೆದುಕೊಳ್ಳಿ. ಅಲೆಯ ಉದ್ದ ಗಾಳಿಯಲ್ಲಿ 12.5 ಸೆಂಟಿಮೀಟರ್, ಸರ್ಕ್ಯೂಟ್ ಬೋರ್ಡಿನ ಮೇಲೆ ಇನ್ನೂ ಗಿಡ್ಡ. ಹೆಬ್ಬೆರಳಷ್ಟು ಉದ್ದದ ತಾಮ್ರದ ಗೆರೆಯೂ ಅಲ್ಲಿ ಕೇಬಲ್ಲೇ. 147 ಕಿಲೋಮೀಟರ್ ಚಿಕ್ಕದು, ಹೆಬ್ಬೆರಳು ದೊಡ್ಡದು. ಈ ಮಾತು ಬೋರ್ಡಿನ ಮೇಲೆ ಬರೆದು ಒಂದು ವಾರ ಅಳಿಸದೆ ಬಿಡುತ್ತಿದ್ದೆ.

ಸಿಲಬಸ್ಸಿನ ಕ್ರಮ ನಿಮ್ಮ ಕೈಯಲ್ಲಿಲ್ಲ, ಗೊತ್ತು. ಮಾಡ್ಯೂಲ್ ಪ್ರಕಾರ ಹೋಗಲೇಬೇಕು. ಆದರೆ ಮೊದಲ ಎರಡು ಗಂಟೆ ನಿಮ್ಮದು. ಅಷ್ಟನ್ನು ಈ ಕೇಬಲ್ಲಿಗೆ ಕೊಡಿ, ಆಮೇಲೆ ಕೂಲಂಬ್‌ಗೆ ಬನ್ನಿ. ಸಮಯ ಉಳಿಸಬೇಕಾದರೆ ಬಳೆ, ತಟ್ಟೆ, ಕಡ್ಡಿ ಎಂದು ಒಂದೊಂದು ಆಕಾರಕ್ಕೂ ಇಂಟಿಗ್ರೇಷನ್ ಮಾಡುವುದನ್ನು ಕಡಿಮೆ ಮಾಡಿ. ಎರಡು ಸಾಕು. ಬೌಂಡರಿ ಕಂಡಿಷನ್ಸ್ (ಎರಡು ವಸ್ತು ಸೇರುವ ಗಡಿಯಲ್ಲಿ ಕ್ಷೇತ್ರ ಪಾಲಿಸುವ ನಿಯಮ) ಮಾತ್ರ ಓಡಿಸಬೇಡಿ. ಪ್ರತಿಫಲನ, ವೇವ್‌ಗೈಡ್ ಎಲ್ಲಕ್ಕೂ ಅದೇ ಬುನಾದಿ.

ಪ್ರಶ್ನೆ: ಡೈವರ್ಜೆನ್ಸ್, ಕರ್ಲ್ ಎರಡರ ಲೆಕ್ಕವೂ ನನಗೆ ಬರುತ್ತದೆ. ಇಂಟರ್ನಲ್ಸ್‌ನಲ್ಲಿ ಪೂರ್ತಿ ಅಂಕ ಬಂದಿದೆ. ಆದರೆ ಅದು ಏನು ಅಂತ ಕೇಳಿದರೆ ಹೇಳೋಕೆ ಬರಲ್ಲ ಮೇಡಂ.
— ಐದನೇ ಸೆಮಿಸ್ಟರ್ ವಿದ್ಯಾರ್ಥಿನಿ, ಹಾಸನ

ಉತ್ತರ: ನೋಡಮ್ಮ, ಅಂಕ ಬಂದ ಮೇಲೂ ಇದನ್ನು ಕೇಳಿದ್ದೀಯಲ್ಲ, ನನಗೆ ತುಂಬಾ ಖುಷಿಯಾಯಿತು.

ಡೈವರ್ಜೆನ್ಸ್ ಸುಲಭ. ತೋಟದಲ್ಲಿ ಸ್ಪ್ರಿಂಕ್ಲರ್ ನೋಡಿದ್ದೀಯಲ್ಲ. ಅದರ ಸುತ್ತ ಒಂದು ಬುಟ್ಟಿ ಕವುಚಿದ ಹಾಗೆ ಊಹಿಸಿಕೊ. ಬುಟ್ಟಿಯೊಳಗೆ ಬಂದ ನೀರಿಗಿಂತ ಹೊರಗೆ ಹೋದ ನೀರು ಜಾಸ್ತಿ ಇದ್ದರೆ ಒಳಗೆ ಎಲ್ಲೋ ನೀರಿನ ಬಾಯಿ ಇದೆ ಅಂತ ಅರ್ಥ. ವಿದ್ಯುತ್ ಕ್ಷೇತ್ರಕ್ಕೆ ಚಾರ್ಜ್ ಅಂದರೆ ಆ ಬಾಯಿ. ಕಾಂತಕ್ಕೆ ಅಂಥ ಬಾಯಿಯೇ ಇಲ್ಲ, ಅದಕ್ಕೇ ಅಲ್ಲಿ ಡೈವರ್ಜೆನ್ಸ್ ಯಾವಾಗಲೂ ಸೊನ್ನೆ.

ಕರ್ಲ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೋಗೋಣ. ಎಡವುವುದು ಇಲ್ಲೇ. ಗಾಜನೂರಿನಿಂದ ಬರುವ ತುಂಗಾ ಕಾಲುವೆಯ ಏರಿ ಮೇಲೆ ನಾನು ಸಂಜೆ ನಡೆಯುತ್ತೇನೆ. ನೀರು ನೆಟ್ಟಗೆ ಹರಿಯುತ್ತದೆ. ಸುಳಿ ಇಲ್ಲ. ಒಂದು ಒಣಗಿದ ಎಲೆ ದಡದ ಹತ್ತಿರ ಬಿದ್ದರೆ ಮುಂದೆ ಹೋಗುತ್ತಲೇ ತನ್ನಷ್ಟಕ್ಕೆ ತಿರುಗುತ್ತದೆ. ಯಾಕೆ? ದಡದ ಕಡೆ ನೀರು ನಿಧಾನ, ನಡುವಿನ ಕಡೆ ಜೋರು. ಎಲೆಯ ಒಂದು ಪಕ್ಕಕ್ಕೆ ಹೆಚ್ಚು ತಳ್ಳು, ಇನ್ನೊಂದು ಪಕ್ಕಕ್ಕೆ ಕಡಿಮೆ. ಅದೇ ಎಲೆ ಕಾಲುವೆಯ ನಟ್ಟನಡುವೆ ಇದ್ದರೆ ತಿರುಗದೆ ಸುಮ್ನೆ ತೇಲಿ ಹೋಗುತ್ತದೆ. ಎಲೆ ತಿರುಗಿತು ಅಂದರೆ ಅಲ್ಲಿ ಕರ್ಲ್ ಇದೆ. ಹರಿವು ನೆಟ್ಟಗಿದ್ದರೂ ಕರ್ಲ್ ಇರಬಹುದು.

ಇದರ ಉಲ್ಟಾ ಕೂಡ ನಿಜ. ಕರೆಂಟ್ ಹರಿಯುವ ನೇರ ತಂತಿಯ ಸುತ್ತ ಕಾಂತಕ್ಷೇತ್ರ ಗೋಲವಾಗಿ ಸುತ್ತುತ್ತದೆ. ಅಲ್ಲಿ ಕರ್ಲ್ ಇದೆಯಾ ಎಂದು ಕೇಳಿದರೆ ಮುಕ್ಕಾಲು ಕ್ಲಾಸು ‘ಇದೆ’ ಅನ್ನುತ್ತದೆ. ತಂತಿಯ ಹೊರಗೆ ಇಲ್ಲ. ಕ್ಷೇತ್ರವನ್ನೇ ನೀರು ಅಂದುಕೊ. ಸುತ್ತುವುದರಿಂದ ಎಲೆ ಒಂದು ಕಡೆಗೆ ತಿರುಗಬೇಕು. ಆದರೆ ಒಳಗಿನ ಸುತ್ತಿನಲ್ಲಿ ಜೋರು, ಹೊರಗಿನ ಸುತ್ತಿನಲ್ಲಿ ನಿಧಾನ ಇರುವುದರಿಂದ ಅದು ಅಷ್ಟೇ ಬಲದಲ್ಲಿ ಇನ್ನೊಂದು ಕಡೆಗೆ ತಿರುಗಬೇಕು. ಎರಡೂ ಸರಿಸಮ. ಕರ್ಲ್ ಇರುವುದು ತಂತಿಯ ಒಳಗೆ, ಕರೆಂಟ್ ಇರುವ ಜಾಗದಲ್ಲಿ ಮಾತ್ರ. ಈಗ ಆಂಪಿಯರ್ ನಿಯಮವನ್ನು ಮತ್ತೊಮ್ಮೆ ಓದು. ಅದು ಹೇಳುತ್ತಿರುವುದು ಇದನ್ನೇ ಅಂತ ನಿನಗೇ ಹೊಳೆಯುತ್ತದೆ.

ಪ್ರಶ್ನೆ: ಕೆಪ್ಯಾಸಿಟರ್ ತಟ್ಟೆಗಳ ನಡುವಿನ ಡಿಸ್‌ಪ್ಲೇಸ್‌ಮೆಂಟ್ ಕರೆಂಟ್ ನಿಜವಾದ ಕರೆಂಟೇ?
— ವಿದ್ಯಾರ್ಥಿ, ಬೆಳಗಾವಿ

ಉತ್ತರ: ಖಾಲಿ ಜಾಗವಾದರೆ ಅಲ್ಲಿ ಯಾವ ಚಾರ್ಜೂ ದಾಟುವುದಿಲ್ಲ. ಬದಲಾಗುತ್ತಿರುವ ವಿದ್ಯುತ್ ಕ್ಷೇತ್ರ ಮಾತ್ರ ಇದೆ. ಆದರೆ ಅದರ ಸುತ್ತ ಕಾಂತಕ್ಷೇತ್ರ ಹುಟ್ಟುವುದು ನಿಜ. 1860ರ ದಶಕದಲ್ಲಿ ಮ್ಯಾಕ್ಸ್‌ವೆಲ್ ಆ ಒಂದು ಪದವನ್ನು ಸಮೀಕರಣಕ್ಕೆ ಸೇರಿಸಿದರು. ಸೇರಿಸಿದ ಮೇಲೆ ಲೆಕ್ಕದಲ್ಲಿ ಅಲೆ ಕಾಣಿಸಿತು, ಅದರ ವೇಗ ಬೆಳಕಿನ ವೇಗಕ್ಕೆ ಹೊಂದಿತು. ಅಂಥ ಅಲೆಯನ್ನು ಹರ್ಟ್ಸ್ ಪ್ರಯೋಗದಲ್ಲಿ ಹುಟ್ಟಿಸಿ ತೋರಿಸಿದ್ದು 1887–88ರಲ್ಲಿ. ಮುಂದಿನ ದಶಕದಲ್ಲಿ ಕಲ್ಕತ್ತಾದಲ್ಲಿ ಜಗದೀಶ ಚಂದ್ರ ಬೋಸರು ಕೆಲವೇ ಮಿಲಿಮೀಟರ್ ಉದ್ದದ ಅಲೆಗಳಲ್ಲಿ ಕೆಲಸ ಮಾಡಿದರು. ಹೊಸೆದ ಸೆಣಬಿನ ನಾರಿನಿಂದ ಅಲೆಯ ಪೋಲರೈಸೇಷನ್, ಅಂದರೆ ಅದರ ಕ್ಷೇತ್ರ ಅಲುಗುವ ದಿಕ್ಕು, ತಿರುಗುವುದನ್ನೂ ತೋರಿಸಿದರು. ಸೆಣಬು! ಇದನ್ನು ಪ್ರತಿ ಕ್ಲಾಸಿನಲ್ಲೂ ಹೇಳಬೇಕು ಅಂತ ನನ್ನ ಆಸೆ.

ಪ್ರಶ್ನೆ: ನಮ್ಮ ಮಗ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಈಗ ಎಂಜಿನಿಯರಿಂಗ್ ಮೂರನೇ ವರ್ಷ. ಈ ಒಂದು ವಿಷಯ ತನಗೆ ಹತ್ತುವುದೇ ಇಲ್ಲ, ಇಂಗ್ಲಿಷ್ ಬಂದವರಿಗೆ ಮಾತ್ರ ಅರ್ಥವಾಗುತ್ತದೆ ಅಂತ ಕೊರಗುತ್ತಾನೆ. ನಮಗೆ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ.
— ಒಬ್ಬ ತಾಯಿ, ಸಾಗರ

ಉತ್ತರ: ಅಮ್ಮಾ, ಇಂಗ್ಲಿಷ್ ಮೀಡಿಯಂ ಮಕ್ಕಳಿಗೂ ಇದು ಅಷ್ಟೇ ಕಷ್ಟ. ಅವರು ವಾಕ್ಯ ಒಪ್ಪಿಸುತ್ತಾರೆ, ಅದರಿಂದ ನಿಮ್ಮ ಮಗನಿಗೆ ಹಾಗೆ ಕಾಣುತ್ತದೆ. ಅರ್ಥ ಮಾಡಿಕೊಳ್ಳುವ ಕೆಲಸ ಅವನ ತಲೆಯಲ್ಲಿ ಕನ್ನಡದಲ್ಲೇ ನಡೆಯಲಿ. ಪರೀಕ್ಷೆಗೆ ಬೇಕಾದ ಇಂಗ್ಲಿಷ್ ಇನ್ನೂರು ಪದಗಳ ಮೇಲೆ ಇಲ್ಲ.

ರಜೆಗೆ ಬಂದಾಗ ಒಂದು ಕೆಲಸ ಮಾಡಿಸಿ. ಮನೆಯಲ್ಲಿ ಹಳೇ ಟ್ರಾನ್ಸಿಸ್ಟರ್ ರೇಡಿಯೋ ಇದ್ದರೆ ಅಟ್ಟದಿಂದ ಇಳಿಸಿ. ಮೀಡಿಯಂ ವೇವ್‌ನಲ್ಲಿ ಯಾವ ಸ್ಟೇಷನ್ ಸಿಗುತ್ತದೋ ಅದನ್ನು ಹಚ್ಚಲಿ. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಭದ್ರಾವತಿಯ 675 ಕಿಲೋಹರ್ಟ್ಸ್ ಬೆಳಿಗ್ಗೆಯಿಂದ ಹಾಡುತ್ತಿತ್ತು. ಆ ಅಲೆಯ ಉದ್ದ ಸುಮಾರು 444 ಮೀಟರ್. ಅದನ್ನು ಹಿಡಿಯುವುದು ರೇಡಿಯೋ ಒಳಗಿನ ಬೆರಳುದ್ದದ ಒಂದು ಕಪ್ಪು ಫೆರೈಟ್ ಕಡ್ಡಿ. ಕಡ್ಡಿಗೆ ತಂತಿ ಸುತ್ತಿರುತ್ತಾರೆ. ಕಾಂತಕ್ಷೇತ್ರ ಆ ಸುತ್ತಿನೊಳಗೆ ಹಾದು ಹೋಗುವಾಗ ಬದಲಾಗುತ್ತಿರುತ್ತದೆ, ಅದರಿಂದ ತಂತಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡದ್ದು ಇದನ್ನೇ.

ಈಗ ರೇಡಿಯೋವನ್ನು ಮೇಜಿನ ಮೇಲೆ ನಿಧಾನಕ್ಕೆ ತಿರುಗಿಸಲಿ. ಒಂದು ದಿಕ್ಕಿನಲ್ಲಿ ದನಿ ಕ್ಷೀಣಿಸುತ್ತದೆ. ಆಗ ಕಡ್ಡಿಯ ತುದಿ ಸ್ಟೇಷನ್ ಇರುವ ಕಡೆಗೆ ನೆಟ್ಟಿರುತ್ತದೆ. ಯಾಕೆ ಹಾಗಾಯಿತು ಎಂದು ಅವನು ನಿಮಗೆ ಕನ್ನಡದಲ್ಲಿ ವಿವರಿಸಲಿ, ನೀವು ಕೇಳಿ. ನಿಮಗೆ ಅರ್ಥವಾಗದ ಕಡೆ ತಡೆದು ‘ಇದು ಗೊತ್ತಾಗಲಿಲ್ಲ ಮಗಾ’ ಅನ್ನಿ. ಅವನಿಗೆ ಗೊತ್ತಿಲ್ಲದ ಜಾಗವೂ ಹೆಚ್ಚಾಗಿ ಅದೇ ಆಗಿರುತ್ತದೆ. ಆಮೇಲೆ ಅದೇ ರೇಡಿಯೋವನ್ನು ದೊಡ್ಡ ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿ ನೋಡಲಿ.

ಪ್ರಶ್ನೆ: ಮಗಳಿಗೆ ಆಂಟೆನಾ, ಮೈಕ್ರೋವೇವ್ ಕಡೆ ಎಂಟೆಕ್ ಮಾಡುವ ಆಸೆ. ನೆಂಟರೆಲ್ಲ ಹೆಣ್ಣುಮಕ್ಕಳಿಗೆ ಸಾಫ್ಟ್‌ವೇರೇ ಸರಿ ಅನ್ನುತ್ತಿದ್ದಾರೆ.
— ಒಬ್ಬ ತಂದೆ, ತುಮಕೂರು

ಉತ್ತರ: ಓದಿಸಿ. ರಾಜೇಶ್ವರಿ ಚಟರ್ಜಿಯವರ ಬಗ್ಗೆ ಮಗಳಿಗೆ ಹೇಳಿ. ನಮ್ಮ ಕರ್ನಾಟಕದವರು. ಅಮೆರಿಕದ ಮಿಷಿಗನ್‌ನಲ್ಲಿ ಪಿಎಚ್‌ಡಿ ಮುಗಿಸಿ 1953ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ವಾಪಸ್ ಬಂದರು. ಅಲ್ಲಿ ಎಂಜಿನಿಯರಿಂಗ್ ಕಲಿಸಿದ ಮೊದಲ ಮಹಿಳೆ. ಪಾಠ ಮಾಡಿದ್ದು ಎಲೆಕ್ಟ್ರೋಮ್ಯಾಗ್ನೆಟಿಕ್ಸ್, ಸಂಶೋಧನೆ ಮಾಡಿದ್ದು ಮೈಕ್ರೋವೇವ್ ಮತ್ತು ಆಂಟೆನಾದಲ್ಲಿ. ಒಂದು ಭಾನುವಾರ ಮಗಳನ್ನು ಬೆಂಗಳೂರಿನ ಹತ್ತಿರದ ಬ್ಯಾಲಾಳು ಕಡೆ ಕರೆದುಕೊಂಡು ಹೋಗಿ, ಇಸ್ರೋದ 32 ಮೀಟರ್ ಡಿಶ್ ದೂರದಿಂದಾದರೂ ನೋಡಲಿ. ಚಂದ್ರಯಾನದ ಜೊತೆ ಮಾತಾಡಿದ ಆಂಟೆನಾ ಅದು.

ಪ್ರಶ್ನೆ: ನಮ್ಮದು ಸಣ್ಣ ಕಾಲೇಜು. ಮೈಕ್ರೋವೇವ್ ಬೆಂಚ್ ಕೆಟ್ಟು ಕೂತಿದೆ. ಖರ್ಚಿಲ್ಲದೆ ಸ್ಟ್ಯಾಂಡಿಂಗ್ ವೇವ್ (ಮುಂದೆ ಓಡದೆ ನಿಂತಲ್ಲೇ ಅಲುಗುವ ಅಲೆ) ತೋರಿಸಲು ಆಗುತ್ತದೆಯೇ?
— ಲ್ಯಾಬ್ ಇನ್‌ಸ್ಟ್ರಕ್ಟರ್, ಗದಗ

ಉತ್ತರ: ಆಗುತ್ತದೆ. ಉದ್ದಿನ ಹಪ್ಪಳ ಬೇಕು, ಕ್ಯಾಂಟೀನಿನ ಮೈಕ್ರೋವೇವ್ ಓವನ್ ಬೇಕು. ಒಳಗೆ ತಿರುಗುವ ಗಾಜಿನ ತಟ್ಟೆ ತೆಗೆದಿಡಿ. ಹಪ್ಪಳ ಅಲುಗದ ಹಾಗೆ ಒಂದು ಪಿಂಗಾಣಿ ತಟ್ಟೆಯ ಮೇಲೆ ಹರಡಿ. 20 ಸೆಕೆಂಡ್ ಇಟ್ಟು ತೆಗೆಯಿರಿ. ಹಪ್ಪಳ ಒಂದೇ ಸಮ ಅರಳಿರುವುದಿಲ್ಲ. ಅಲ್ಲಲ್ಲಿ ಬೆಳ್ಳಗೆ ಗುಳ್ಳೆ ಎದ್ದಿರುತ್ತದೆ, ನಡುವೆ ಹಸಿ ಹಾಗೇ ಉಳಿದಿರುತ್ತದೆ. ಪಕ್ಕಪಕ್ಕದ ಎರಡು ಬಿಳಿ ಮಚ್ಚೆಗಳ ನಡುವಿನಿಂದ ನಡುವಿಗೆ ಸ್ಕೇಲಿನಲ್ಲಿ ಅಳೆಯಿರಿ. 6 ಸೆಂಟಿಮೀಟರ್ ಹತ್ತಿರ ಬರುತ್ತದೆ. ಅದು ಅರ್ಧ ಅಲೆ. ಎರಡರಿಂದ ಗುಣಿಸಿ, ಓವನ್ ಹಿಂದಿನ ಚೀಟಿಯಲ್ಲಿರುವ 2450 ಮೆಗಾಹರ್ಟ್ಸ್‌ನಿಂದ ಗುಣಿಸಿ. ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್, ಬೆಳಕಿನ ವೇಗ ಬರುತ್ತದೆ.

ಓವನ್ನಿನಲ್ಲಿ ಅಲೆ ಮೂರೂ ದಿಕ್ಕಿನಲ್ಲಿ ಬಡಿದಾಡುವುದರಿಂದ ಕೆಲವು ಮಚ್ಚೆಗಳು ಅಡ್ಡಾದಿಡ್ಡಿ ಇರುತ್ತವೆ. ಅದನ್ನು ಮಕ್ಕಳಿಂದ ಮುಚ್ಚಿಡಬೇಡಿ. ಐದಾರು ಹಪ್ಪಳ ಸುಟ್ಟು, ಎಲ್ಲ ಅಳತೆ ಬರೆಸಿ, ಸರಾಸರಿ ತೆಗೆಸಿ. ತಿನ್ನುವುದು ಅಳತೆ ಮುಗಿದ ಮೇಲೆ ಅಂತ ಮೊದಲೇ ಹೇಳಿಬಿಡಿ.